ಅಮ್ಮನ ಹಳೆಬಟ್ಟೆಯ ಪೆಟ್ಟಿಗೆ

ಥೀಬ್ಸ್, ಪಡುವಣ ದಡ
ಅರಸನ ಆಳ್ವಿಕೆಯ ಹದಿನಾಲ್ಕನೆಯ ವರ್ಷ, ಬಿತ್ತನೆಗಾಲದ ಮೊದಲ ತಿಂಗಳು, ಆರನೆಯ ದಿನ

ತಮ್ಮ ಸೆನ್ಬಿಗೆ ಅಕ್ಕ ತಮಿತ್ ಬರೆಯುವುದು.

ಅಮುನ್ ದೇವರು ನಿನ್ನನ್ನು ಆ ಗಡಿಕೋಟೆಯಲ್ಲಿ ತಣ್ಣಗಿಟ್ಟಿರಲಿ. ಇಲ್ಲಿ ನೆರೆ ಇಳಿದಿದೆ. ಹೊಲದಲ್ಲಿ ಇನ್ನೂ ಮೊಣಕಾಲು ಹೂತುಹೋಗುವಷ್ಟು ಕೆಸರು. ಆದರೂ ಜನ ಬಿತ್ತನೆಗೆ ಇಳಿದಿದ್ದಾರೆ. ಈ ಸಲ ಮಣ್ಣು ಕಪ್ಪಗೆ, ಎಣ್ಣೆ ಹಚ್ಚಿದ ಹಾಗಿದೆ.

ಅಮ್ಮನಿಗೆ ಮೈ ಸರಿಯಿಲ್ಲ. ಕೆಮ್ಮು ಎದೆಗಿಳಿದಿದೆ. ಹೆಚ್ಚು ಬರೆಯಲಾರೆ. ನಿನ್ನ ಹೆಸರನ್ನೇ ಕರೆಯುತ್ತಿದ್ದಳು. ಈ ಪತ್ರ ಕಂಡ ಕೂಡಲೇ ಹೊರಟು ಬಾ. ಇದನ್ನು ತರುವ ಅಂಬಿಗ ದಾಗಿಯ ದೋಣಿ ಎರಡು ದಿನ ಅಲ್ಲಿ ನಿಂತು ವಾಪಸು ಹೊರಡುತ್ತದಂತೆ. ಅದರಲ್ಲೇ ಬಂದುಬಿಡು. ಹೊಳೆಯ ಹರಿವಿನ ಜೊತೆ ಬಂದರೆ ಹನ್ನೆರಡು ದಿನದ ದಾರಿ.

ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ಏಳು ವರ್ಷ ಇದ್ದಾಗ ಹಿತ್ತಲಲ್ಲಿ ಒಂದು ಚಂದ್ರಮುಕುಟ ಹಕ್ಕಿ ಸತ್ತು ಬಿದ್ದಿತ್ತು. ನೀನು ಅದರ ಹೊಟ್ಟೆಗೆ ಮೈ ಒಣಗಿಸುವ ಸವುಳುಪ್ಪು ತುಂಬಿ, ಹಳೇ ಬಟ್ಟೆ ಹರಿದು, ತಲೆಯ ಕಿರೀಟ ಕೂಡ ಮುರಿಯದ ಹಾಗೆ ಸುತ್ತಿದ್ದೆ. ಹೆಣ ಶುದ್ಧಿಮಾಡುವ ನಖಿ ಚಿಕ್ಕಪ್ಪ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, "ಲೇ, ಈ ಹುಡುಗನ ಬೆರಳಲ್ಲಿ ಸತ್ತೋರ್ನ ಸುತ್ತೋ ಅನುಬಿಸ್ ದೇವ್ರೇ ಕೂತವ್ನೆ ಕಣ್ರೋ!" ಅಂದಿದ್ದ. ಅವತ್ತೇ ಅಮ್ಮ ಹೇಳಿದ್ದು: "ಹಂಗಾದ್ರೆ ನಾನು ಸತ್ತಾಗ ನನ್ನನ್ನ ಸುತ್ತೋನು ನೀನೇ. ಬೇರೆ ಯಾರೂ ಮುಟ್ಟಕೂಡ್ದು." ನಾವಿಬ್ಬರೂ ನಕ್ಕೆವು. ಅಮ್ಮ ನಗಲಿಲ್ಲ.

ಬೇಗ ಬಾ.

*

ಬುಹೆನ್ ಕೋಟೆ
ಹದಿನಾಲ್ಕನೆಯ ವರ್ಷ, ಬಿತ್ತನೆಗಾಲದ ಮೊದಲ ತಿಂಗಳು, ಇಪ್ಪತ್ತೊಂದನೆಯ ದಿನ

ಥೀಬ್ಸ್ ಪಡುವಣ ದಡದ ಗೃಹಿಣಿ, ಪೂಜ್ಯ ಸಹೋದರಿ ತಮಿತ್ ಅವರಿಗೆ, ಬುಹೆನ್ ಕೋಟೆಯ ಶವಶುದ್ಧಿಗಾರ ಸೆನ್ಬಿಯ ವಂದನೆಗಳು. ಆಯುಷ್ಯ, ಆರೋಗ್ಯ, ಸಮೃದ್ಧಿ ನಿಮಗಿರಲಿ. ಪ್ರತಿದಿನವೂ ಈ ಸೀಮೆಯ ದೇವರಾದ ಹೋರಸ್‌ನಲ್ಲಿ ನಿಮಗಾಗಿ ಬೇಡಿಕೊಳ್ಳುತ್ತಿದ್ದೇನೆ.

ತಮ್ಮ ಪತ್ರ ತಲುಪಿತು. ತಾಯಿಯವರ ಅನಾರೋಗ್ಯದ ಸುದ್ದಿ ತಿಳಿದು ಮನಸ್ಸಿಗೆ ಬೇಸರವಾಯಿತು. ದಾಗಿಯ ದೋಣಿಯಲ್ಲಿ ಜಾಗವಿಲ್ಲದ ಕಾರಣ ಈ ಸಲ ಬರಲಾಗುತ್ತಿಲ್ಲ. ಕೋಟೆಯಲ್ಲಿ ಕೆಲಸವೂ ಹೆಚ್ಚಾಗಿದೆ. ದಳಪತಿಯೊಬ್ಬರು ಹಾವು ಕಚ್ಚಿ ತೀರಿಕೊಂಡಿದ್ದಾರೆ. ಅವರ ದೇಹ ಸಿದ್ಧಪಡಿಸಿ ಊರಿಗೆ ಕಳಿಸಬೇಕಿದೆ.

ತಾಯಿಯವರು ಗಟ್ಟಿ ಜೀವ. ಹಿಂದೆಯೂ ಎರಡು ಚಳಿಗಾಲ ಹೀಗೇ ಕೆಮ್ಮಿ ಎದ್ದು ಕೂತವರು. ಜೇನಿನಲ್ಲಿ ಅಂಜೂರ ಅರೆದು ಕೊಡಿ. ಎದೆಗೆ ಬಿಸಿ ಎಣ್ಣೆ ತಿಕ್ಕಿ. ಇದರ ಜೊತೆ ದೋಣಿಯಲ್ಲಿ ಒಂದು ಗಡಿಗೆ ಒಳ್ಳೆಯ ರಾಳವನ್ನೂ ಒಂದು ಬುಟ್ಟಿ ತಾಳೆಹಣ್ಣನ್ನೂ ಕಳಿಸಿದ್ದೇನೆ. ರಾಳವನ್ನು ಕೆಂಡದ ಮೇಲೆ ಹಾಕಿ ಹೊಗೆ ಕೊಟ್ಟರೆ ಉಸಿರು ಸಲೀಸಾಗುತ್ತದೆ.

ನೆರೆಗಾಲಕ್ಕೆ ಮುಂಚೆ ಖಂಡಿತ ಬರುತ್ತೇನೆಂದು ತಾಯಿಯವರಿಗೆ ತಿಳಿಸಿ.

(ಅಕ್ಕಾ, ಈ ಪತ್ರ ಬರೆದವನು ಕೋಟೆಯ ಲಿಪಿಕಾರ ಮೆಹು. ಮುದ್ರೆ ಒತ್ತುವ ಮುಂಚೆ ಒಂದು ಸಾಲು ನನ್ನದಾಗಿ ಸೇರಿಸುತ್ತಿದ್ದೇನೆ. ನಿಮ್ಮ ತಮ್ಮ ಹೇಳದೇ ಇರುವುದೊಂದಿದೆ. ಅದನ್ನು ನಾನು ಹೇಳುವ ಹಾಗಿಲ್ಲ. ದಯವಿಟ್ಟು ಅವನ ಮೇಲೆ ಕೋಪ ಮಾಡಿಕೊಳ್ಳಬೇಡಿ.)

*

ಥೀಬ್ಸ್, ಪಡುವಣ ದಡ
ಹದಿನಾಲ್ಕನೆಯ ವರ್ಷ, ಬಿತ್ತನೆಗಾಲದ ಎರಡನೆಯ ತಿಂಗಳು, ನಾಲ್ಕನೆಯ ದಿನ

ಸೆನ್ಬಿ,

'ಪೂಜ್ಯ ಸಹೋದರಿ'ಯಂತೆ. ನಿನ್ನ ಮೂಗಿನ ಸಿಂಬಳ ಒರೆಸಿದವಳು ನಾನು ಕಣೋ. ಅಪ್ಪ ಶವಪೆಟ್ಟಿಗೆಗೆ ಬಣ್ಣ ಬಳಿಯುತ್ತ, ಮಿಕ್ಕ ಮಸಿಯಲ್ಲಿ ನಮ್ಮಿಬ್ಬರ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಯಾಕೆ? ನೀನು ದೊಡ್ಡವನಾದ ಮೇಲೆ ಅಕ್ಕನಿಗೆ ನಾಲ್ಕು ಸಾಲು ಬರೆಯಲು ಆಳು ಇಟ್ಟುಕೊಳ್ಳಲಿ ಎಂದೇ?

ದೋಣಿಯಲ್ಲಿ ಜಾಗವಿರಲಿಲ್ಲ ಅಂದೆಯಲ್ಲ. ದಾಗಿಯನ್ನೇ ಕೇಳಿದೆ. ಅವನು ಸುಳ್ಳು ಹೇಳಲು ಬಾರದವನು, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದ. "ಜಾಗ ಇತ್ತಕ್ಕ. ಆನೆದಂತ ಎರಡೇ ಕಟ್ಟು ಇದ್ದಿದ್ದು. ಹತ್ತು ಜನ ಮಲಗ್ಬೋದಿತ್ತು" ಅಂದ. ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ನಿನ್ನ ಲಿಪಿಕಾರ ಬರೆದ 'ಹೇಳದೇ ಇರುವುದು' ಏನೆಂದು ನನಗೆ ಗೊತ್ತಾಗದೇ ಇಲ್ಲ. ಅಲ್ಲಿ ಯಾವಳನ್ನೋ ಕಟ್ಟಿಕೊಂಡಿದ್ದೀಯ. ಮಕ್ಕಳೂ ಆಗಿರಬೇಕು. ಕಟ್ಟಿಕೋ, ಬೇಡವೆಂದವರಾರು? ಅದಕ್ಕಾಗಿ ಹೆತ್ತವಳನ್ನು ಬಿಡುತ್ತಾರೇನೋ?

ಈಗ ಕೇಳು. ಅಮ್ಮ ಇಲ್ಲ.

ನಾನು ಮೊದಲ ಪತ್ರ ಬರೆದ ದಿನಕ್ಕೇ ಅವಳು ಹೋಗಿ ಎರಡು ದಿನವಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ, ರೊಟ್ಟಿ ಹಿಟ್ಟು ಕಲಸಿಟ್ಟು ಬಂದು ನೋಡಿದರೆ ಗೋಡೆಗೆ ಒರಗಿ ಕೂತ ಹಾಗೇ ಹೋಗಿದ್ದಳು. ತೊಡೆಯ ಮೇಲೆ ಬಿಡಿಸುತ್ತಿದ್ದ ಬೆಳ್ಳುಳ್ಳಿ ಹಾಗೇ ಇತ್ತು. ಸತ್ತಳೆಂದು ಬರೆದರೆ ನೀನು ಅಲ್ಲೇ ಕೂತು ಅತ್ತುಬಿಡುತ್ತೀಯ, ಬದುಕಿದ್ದಾಳೆಂದು ಬರೆದರೆ ಓಡಿ ಬರುತ್ತೀಯ ಅಂದುಕೊಂಡೆ. ಎಂಥ ಜಾಣೆ ನಾನು!

ನೀನು ಕಳಿಸಿದ ರಾಳವನ್ನು ಹೊಗೆ ಹಾಕಲಿಲ್ಲ. ಅದನ್ನು ಹೆಣ ಸುತ್ತುವ ಡೇರೆಗೆ ಕೊಟ್ಟುಬಂದೆ. ಅಮ್ಮನಿಗೇ ಆಯಿತು.

ಇವತ್ತಿಗೆ ಅವಳು ತೀರಿ ಮೂವತ್ತು ದಿನ. ನಖಿ ಚಿಕ್ಕಪ್ಪನ ಶುದ್ಧಿಯ ಡೇರೆಯಲ್ಲಿ ಸವುಳುಪ್ಪಿನ ರಾಶಿಯ ಕೆಳಗೆ ಮಲಗಿದ್ದಾಳೆ. ಈ ತಿಂಗಳ ಇಪ್ಪತ್ತೇಳಕ್ಕೆ ಉಪ್ಪಿನಿಂದ ತೆಗೆದು, ತೊಳೆದು, ಸುತ್ತಲು ಶುರುಮಾಡುತ್ತಾರೆ. ಎಪ್ಪತ್ತನೆಯ ದಿನ ಅಪ್ಪನ ಪಕ್ಕಕ್ಕೆ ಇಳಿಸುತ್ತಾರೆ. ಚಿಕ್ಕಪ್ಪನಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಅವನ ಹತ್ತಿರ ಈಗಿರುವ ಇಬ್ಬರು ಆಳುಗಳು ಮೂಲಂಗಿ ಕಟ್ಟಿದ ಹಾಗೆ ಹೆಣ ಕಟ್ಟುತ್ತಾರೆ. ನಮ್ಮ ಬೀದಿಯ ನೇಕಾರನ ಹೆಂಡತಿಯನ್ನು ಅವರು ಸುತ್ತಿದ್ದು ನೋಡಿದೆ. ಐದು ಬೆರಳೂ ಒಂದೇ ಗಂಟಾಗಿತ್ತು. ಅಮ್ಮನಿಗೂ ಅದೇ ಗತಿ.

ನೀನು ಬರುವುದಿಲ್ಲವೆಂದು ಇನ್ನು ನನಗೆ ಗೊತ್ತು. ಇದನ್ನು ತಿಳಿಸಲಷ್ಟೇ ಬರೆದೆ.

*

ಬುಹೆನ್ ಕೋಟೆ
ಹದಿನಾಲ್ಕನೆಯ ವರ್ಷ, ಬಿತ್ತನೆಗಾಲದ ಎರಡನೆಯ ತಿಂಗಳು, ಹದಿನೈದನೆಯ ದಿನ

ಅಕ್ಕಾ,

ಈ ಅಕ್ಷರ ನೋಡಿ ನಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓಲೆಕಾರರ ದೋಣಿಯಲ್ಲಿ ನಿನ್ನ ಪತ್ರ ಬೇಗ ಬಂತು, ಎರಡು ದಿನದಿಂದ ಬರೆಯುತ್ತಿದ್ದೇನೆ. ಮೆಹುವಿಗೆ ಹೇಳಿ ಬರೆಸುವ ಮಾತಲ್ಲ ಇದು.

ಹೋದ ಸುಗ್ಗಿಗಾಲದಲ್ಲಿ ಎರಡನೇ ಜಲಪಾತದ ಹತ್ತಿರ ದೋಣಿಯನ್ನು ಬಂಡೆಗಳ ಮೇಲೆ ಹಗ್ಗ ಹಾಕಿ ಎಳೆಯುತ್ತಿದ್ದರು. ಜನ ಸಾಲದೆಂದು ನಾನೂ ಕೈ ಹಾಕಿದೆ. ದೋಣಿ ಜಾರಿತು. ಹಗ್ಗದ ಸುರುಳಿಯಲ್ಲಿ ನನ್ನ ಬಲಗೈ ಸಿಕ್ಕಿ ಬಂಡೆಗೆ ಜಜ್ಜಿಹೋಯಿತು. ಈಗ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿವೆ. ಕಿರುಬೆರಳನ್ನೂ ಮಡಿಸಲಾಗುವುದಿಲ್ಲ.

ಕಟ್ಟಿಕೊಂಡವಳೂ ಇಲ್ಲ, ಮಕ್ಕಳೂ ಇಲ್ಲ. ನಾನು ಮುಚ್ಚಿಟ್ಟಿದ್ದು ಇಷ್ಟೇ. ದಾಗಿಯ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೆ.

ಅವತ್ತು ದೋಣಿಯಲ್ಲಿ ಜಾಗವಿತ್ತು. ನಾನು ಗಂಟು ಕಟ್ಟಿಕೊಂಡು ಕಟ್ಟೆಯವರೆಗೂ ಹೋಗಿದ್ದೆ. ಅಮ್ಮ ಹಾಸಿಗೆಯಲ್ಲಿ ಕೂತಿರುತ್ತಾಳೆ, ನಾನು ಒಳಗೆ ಹೋದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಯಾವಾಗಲೂ ಹಾಗೇ ಅಲ್ಲವೇ ಅವಳು? ಅದನ್ನು ನೆನೆದು ಕಟ್ಟೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. 'ನನ್ನನ್ನ ಸುತ್ತೋನು ನೀನೇ' ಅಂದವಳಿಗೆ ಈ ಮೊಂಡುಗೈ ತೋರಿಸಿ ಸಾಯಿಸುವುದಕ್ಕಿಂತ, ದೂರವಿದ್ದ ಮಗ ಕಲ್ಲುಮನಸ್ಸಿನವನು ಅಂದುಕೊಳ್ಳಲಿ ಅನಿಸಿತು. ಹೆಗಲ ಮೇಲಿದ್ದ ಗಂಟನ್ನು ಹಾಗೇ ಹೊತ್ತು ವಾಪಸು ಬಂದೆ. ಅವಳು ಅಷ್ಟರಲ್ಲಿ ಹೋಗಿ ಹದಿನೇಳು ದಿನವಾಗಿತ್ತು. ನೀನು ನಿಜ ಬರೆದಿದ್ದರೆ ನಾನು ಬರುತ್ತಿದ್ದೆ ಅಕ್ಕ. ಸತ್ತವರಿಗೆ ಹೆದರುವವನಲ್ಲ ನಾನು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಇಬ್ಬರೂ ಒಂದೇ ಸುಳ್ಳನ್ನು ಎರಡು ಕಡೆಯಿಂದ ಹೇಳಿದೆವು.

ಈಗ ಹೊರಡುತ್ತೇನೆಂದರೆ ಕೋಟೆಯ ಅಧಿಕಾರಿ ಬಿಡುತ್ತಿಲ್ಲ. ಬದಲಿ ತಂಡ ಬರುವವರೆಗೆ ಯಾರೂ ಅಲ್ಲಾಡಕೂಡದೆಂದು ಅಪ್ಪಣೆ. ಕಾಲಿಗೆ ಬಿದ್ದೆ. ಆಗಲಿಲ್ಲ.

ಆದ್ದರಿಂದ ಕೇಳು. ಅಮ್ಮನನ್ನು ನೀನು ಸುತ್ತು.

ಹೆಂಗಸರು ಡೇರೆಯೊಳಗೆ ಬರಬಾರದೆಂದು ಆಳುಗಳು ಕೂಗಾಡುತ್ತಾರೆ. ಒಸಿರಿಸ್‌ನ ತುಂಡು ತುಂಡಾದ ದೇಹವನ್ನು ಹುಡುಕಿ ಕೂಡಿಸಿದವಳು ಅವನ ಹೆಂಡತಿ ಐಸಿಸ್ ಅಲ್ಲವೇ ಎಂದು ಕೇಳು. ಚಿಕ್ಕಪ್ಪ ಅಡ್ಡ ಬರಲಾರ.

ಅವಳ ಬಟ್ಟೆಪೆಟ್ಟಿಗೆ ಅಟ್ಟದ ಮೇಲಿದೆ. ನಾವು ಹರಿದದ್ದು, ಹಾಸಿದ್ದು, ಉಟ್ಟದ್ದು, ಎಲ್ಲವನ್ನೂ ಒಗೆದು ಮಡಿಸಿ 'ನನ್ನ ಪಯಣದ ಬಟ್ಟೆ' ಎಂದು ಎತ್ತಿಡುತ್ತಿದ್ದಳಲ್ಲ, ಅದು. ಹದಿನೈದು ವರ್ಷದಿಂದ ನಾನು ಯಾರನ್ನು ಸುತ್ತುವಾಗಲೂ ಒಳಗೊಳಗೇ ಅವಳನ್ನು ಸುತ್ತಿದ್ದೇನೆ. ಯಾವ ಬಟ್ಟೆ ಎಲ್ಲಿಗೆ ಎಂದು ನನಗೆ ಬಾಯಿಪಾಠ.

ಬೆರಳುಗಳಿಂದ ಶುರುಮಾಡು. ಅಂಚು ಹರಿದ ಹಳದಿ ಸೋಸುಬಟ್ಟೆಯಿದೆ, ಅವಳು ಹೆಂಡ ಸೋಸುತ್ತಿದ್ದದ್ದು. ಅದು ಸವೆದು ನವಿರಾಗಿದೆ. ಅದನ್ನು ಕಿರುಬೆರಳಿನ ಅಗಲಕ್ಕೆ ಹರಿ. ಕತ್ತರಿಸಬೇಡ, ಹರಿ. ಹರಿದ ಅಂಚು ಕಚ್ಚಿ ಹಿಡಿಯುತ್ತದೆ. ಉಗುರು ಕಳಚದಂತೆ ಚಿಕ್ಕಪ್ಪ ದಾರ ಕಟ್ಟಿರುತ್ತಾನೆ, ಅದನ್ನು ಬಿಚ್ಚಬೇಡ. ಉಗುರಿನಿಂದ ಬುಡಕ್ಕೆ ಬಾ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಲಿ. ಅವಳ ಬಲಗೈ ತೋರುಬೆರಳು ಸೊಟ್ಟಗಿದೆ, ನೆಟ್ಟಗೆ ಮಾಡಲು ಹೋಗಬೇಡ. ಉಪ್ಪಿನಿಂದ ಬಂದ ಮೂಳೆ ಒಣಕಡ್ಡಿ. ಸೊಟ್ಟಗೇ ಇರಲಿ. ಅವಳು ಹಾಗೇ ಇದ್ದವಳು.

ಕೈಗಳಿಗೆ ನಮ್ಮಿಬ್ಬರನ್ನೂ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ. ಕಾಲುಗಳಿಗೆ ಅಂಬಿಗ ತಾತನ ಹಾಯಿಬಟ್ಟೆ. ಅದು ಒರಟು, ಒದ್ದೆಮಾಡಿಕೊಂಡು ಎಳೆ. ಎದೆಯ ಮೇಲೆ ಅಪ್ಪನ ಬಣ್ಣ ಮೆತ್ತಿದ ಪಂಚೆ, ಹಸಿರು ಕಲೆ ಹೃದಯದ ಕಡೆಗೆ ಬರಲಿ. ಮೂರು ಪದರಕ್ಕೊಮ್ಮೆ ರಾಳ, ಬಿಸಿಯಾಗಿ, ಆದರೆ ಕುದಿಯಬಾರದು. ನಿನ್ನ ತುಟಿಯ ಹತ್ತಿರ ಹಿಡಿದು ನೋಡು, ತಡೆದುಕೊಳ್ಳುವಷ್ಟಿದ್ದರೆ ಸರಿ.

ಮುಖವನ್ನು ಕಡೆಗೆ ಸುತ್ತು. ಅವಸರ ಮಾಡಬೇಡ. ಅಳು ಬಂದರೆ ಹಿಂದಕ್ಕೆ ಸರಿದು ಅಳು, ಬಟ್ಟೆಯ ಮೇಲೆ ನೀರು ಬಿದ್ದರೆ ಬೂಷ್ಟು ಹಿಡಿಯುತ್ತದೆ.

ಈ ಪತ್ರವನ್ನು ಅರಸನ ಓಲೆಯ ಜೊತೆ ಕಳಿಸಲು ಮೆಹು ಒಪ್ಪಿದ್ದಾನೆ. ಇಪ್ಪತ್ತೇಳರ ಒಳಗೆ ನಿನಗೆ ಸಿಗಲಿ.

ಸೆನ್ಬಿ

*

ಥೀಬ್ಸ್, ಪಡುವಣ ದಡ
ಹದಿನಾಲ್ಕನೆಯ ವರ್ಷ, ಬಿತ್ತನೆಗಾಲದ ಮೂರನೆಯ ತಿಂಗಳು, ಹದಿನಾರನೆಯ ದಿನ

ಸೆನ್ಬಿ, ನನ್ನಪ್ಪಾ,

ನಿನ್ನ ಪತ್ರ ಇಪ್ಪತ್ತಾರರ ಸಂಜೆ ಕೈಸೇರಿತು. ಒಂದೇ ದಿನ ಮುಂಚೆ. ಕೋಳಿ ಕೆದಕಿದ ಹಾಗಿದ್ದ ಆ ಅಕ್ಷರಗಳನ್ನು ಓದಿ ಮುಗಿಸಿದಾಗ ಒಲೆಯ ಮೇಲಿದ್ದ ಸಾರು ಸೀದು ಹೋಗಿತ್ತು. ಆಳು ಇಟ್ಟುಕೊಂಡು ಬರೆಸುತ್ತೀಯ ಎಂದು ಹಂಗಿಸಿದೆನಲ್ಲ, ಆ ಸಾಲನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಲಿ?

ಮಾರನೆಯ ದಿನ ಹೊಳೆಯಲ್ಲಿ ಮುಳುಗೆದ್ದು, ಪೆಟ್ಟಿಗೆ ಹೊತ್ತುಕೊಂಡು ಡೇರೆಗೆ ಹೋದೆ. ಆಳುಗಳಿಬ್ಬರೂ ಬಾಗಿಲಲ್ಲೇ ತಡೆದರು. "ಏನಮ್ಮೋ, ಇದೇನು ಅಗಸರ ಕಟ್ಟೆ ಅನ್ಕೊಂಡ್ಯಾ?" ಅಂದ ಒಬ್ಬ. ನೀನು ಹೇಳಿಕೊಟ್ಟ ಐಸಿಸ್ ದೇವಿಯ ಮಾತು ಹೇಳಲು ಪೆಟ್ಟಿಗೆ ಕೆಳಗಿಟ್ಟೆ. ಅಷ್ಟರಲ್ಲಿ ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ.

"ಬಿಡ್ರೋ ಅವಳ್ನ. ಇಷ್ಟು ದಿನ ಯಾಕೆ ಕೇಳೋಕೆ ಬರ್ಲಿಲ್ಲ ಅಂತ ನಾನೇ ಕಾಯ್ತಿದ್ದೆ" ಅಂದ.

ನನಗೆ ಅರ್ಥವಾಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಹೇಳಿದ: "ಸೆನ್ಬಿ ಕೈ ಹೋಗಿದ್ದು ನಿಮ್ಮಮ್ಮಂಗೆ ಗೊತ್ತಿತ್ತು ಕಣೆ. ಹೋದ ನೆರೆಗಾಲದಲ್ಲೇ ಗೊತ್ತಿತ್ತು. ಆ ದಾಗಿಗೆ ಒಂದು ಗಡಿಗೆ ಹೆಂಡ ಕುಡಿಸಿ ಬಾಯಿ ಬಿಡಿಸಿದ್ಲು. ಆಮೇಲೆ ಅವನ ಕೈಲೇ ಆಣೆ ಹಾಕಿಸ್ಕೊಂಡ್ಲು, ನಿಂಗೆ ಹೇಳಕೂಡ್ದು ಅಂತ."

"ನಂಗ್ಯಾಕೆ ಹೇಳ್ಬಾರ್ದು?"

"ನೀನು ಅವನಿಗೆ ಬರೀತೀಯ. ಅಮ್ಮಂಗೆ ಗೊತ್ತಾಯ್ತು ಅಂತ ಅವನಿಗೆ ತಿಳಿದ್ರೆ ಅವನು ಇನ್ನೂ ಕುಗ್ಗಿ ಹೋಗ್ತಾನೆ ಅಂದ್ಲು. ಇಲ್ಲಿಗೆ ಬಂದು, ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತು ಹೇಳಿದ್ಲು: 'ಮೈದ್ನ, ನಾನು ಹೋದಾಗ ಸೆನ್ಬಿ ಬರ್ಲಿಲ್ಲ ಅಂದ್ರೆ ಯಾರೂ ಅವನ್ನ ಬೈಕೂಡ್ದು. ತಮಿತ್ ಬಂದು ಕೇಳಿದ್ರೆ ನನ್ನನ್ನ ಸುತ್ತೋ ಕೆಲ್ಸ ಅವಳ ಕೈಗೆ ಕೊಡು. ಅವಳಾಗಿ ಕೇಳ್ಬೇಕು. ನೀನಾಗಿ ಹೇಳ್ಬೇಡ, ಹೆದರ್ಕೊಂಡು ಮಾಡೋ ಕೆಲ್ಸ ಅಲ್ಲ ಇದು.'"

ಸೆನ್ಬಿ, ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ನಾನೊಬ್ಬಳು ಬಿಟ್ಟು. ಒಂದು ಗಳಿಗೆ ಅಮ್ಮನ ಮೇಲೆ ಕೋಪ ಬಂತು. ಉಪ್ಪು ಸರಿಸಿದ ಮೇಲೆ ಅವಳನ್ನು ನೋಡಿದೆ. ಅಷ್ಟು ಚಿಕ್ಕವಳಾಗಿದ್ದಳು. ಹತ್ತು ವರ್ಷದ ಹುಡುಗಿಯಷ್ಟು. ತೊಗಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಹುಬ್ಬಿನ ನಡುವೆ ಆ ಗೆರೆ ಹಾಗೇ ಇತ್ತು, ರೊಟ್ಟಿ ಸುಡುವಾಗ ಹೊಗೆಗೆ ಕಣ್ಣು ಕಿರಿದು ಮಾಡುತ್ತಿದ್ದಳಲ್ಲ, ಆ ಗೆರೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಿನ್ನ ಪತ್ರವನ್ನು ಡೇರೆಯ ಕಂಬಕ್ಕೆ ಸಿಕ್ಕಿಸಿಕೊಂಡೆ. ಮೊದಲ ದಿನ ಎಡಗೈಯ ಮೂರು ಬೆರಳಷ್ಟೇ ಆದವು. ಪಟ್ಟಿ ಜಾರುತ್ತಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಕಣ್ಣು ಕಾಣದಿದ್ದರೂ ನಾನು ಸುತ್ತಿದ್ದನ್ನೆಲ್ಲ ಬೆರಳಲ್ಲಿ ತಡವಿ ನೋಡುತ್ತಿದ್ದ. "ಸಡಿಲ. ಬಿಚ್ಚು" ಅನ್ನುತ್ತಿದ್ದ. "ಮತ್ತೆ ಸಡಿಲ. ಬಿಚ್ಚು." ಐದನೆಯ ಸಲ ಮುಂದಿನ ಪಟ್ಟಿಯನ್ನು ನನ್ನ ಕೈಗಿತ್ತ. ಆಮೇಲೆ ಹೇಳಿದ: "ಸಣ್ಣ ಕೈ ಒಳ್ಳೇದು ಕಣೆ ಇದಕ್ಕೆ. ನಂಗೆ ಐವತ್ತು ವರ್ಷ ಆದ್ಮೇಲೆ ಗೊತ್ತಾಗ್ತಿದೆ."

ಸೋಸುಬಟ್ಟೆಯಲ್ಲಿ ಇನ್ನೂ ಜವೆಯ ಹೆಂಡದ ಹುಳಿವಾಸನೆ ಇತ್ತು. ನಂಬುತ್ತೀಯಾ? ಇಷ್ಟು ಒಗೆದ ಮೇಲೂ. ಹಬ್ಬದ ಹಿಂದಿನ ದಿನ ನಾವಿಬ್ಬರೂ ಅದರ ಎರಡು ತುದಿ ಹಿಡಿದು ನಿಂತಿರುತ್ತಿದ್ದೆವು. ಅಮ್ಮ ಸುರಿಯುತ್ತಿದ್ದಳು. ನೀನು ಬೇಕೆಂದೇ ಬಿಟ್ಟುಬಿಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದವಳು ನಾನು. ತಾತನ ಹಾಯಿಯ ಒಂದು ಮೂಲೆಯಲ್ಲಿ ಅವನು ತೇಪೆ ಹಾಕಿದ ಹೊಲಿಗೆ ಸಿಕ್ಕಿತು. ಮೀನಿನ ಮುಳ್ಳಿನ ಹಾಗಿದೆ. ಅದನ್ನು ಹೊರಗೆ ಕಾಣುವಂತೆ ಎಡಮೊಣಕಾಲಿನ ಮೇಲೆ ತಂದೆ. ಅಪ್ಪನ ಪಂಚೆಯ ಹಸಿರು ಕಲೆ ನೀನು ಹೇಳಿದ ಕಡೆಗೇ ಬಂತು.

ಪೆಟ್ಟಿಗೆಯ ತಳದಲ್ಲಿ ನಿನಗೆ ಗೊತ್ತಿಲ್ಲದ ಬಟ್ಟೆಯೊಂದಿತ್ತು. ನನ್ನ ಅಂಗೈ ಎರಡರಷ್ಟು. ತುಂಬ ನಯವಾದದ್ದು. ಒಂದು ಸಲವೂ ಒಗೆದದ್ದಲ್ಲ. ಚಿಕ್ಕಪ್ಪನ ಕೈಗೆ ಕೊಟ್ಟೆ. ಅವನು ಅದರ ಅಂಚನ್ನು ಬೆರಳಲ್ಲಿ ತಡವಿ ಗುರುತು ಹಿಡಿದ. ನನಗಿಂತ ಮೊದಲು ಒಂದು ಹುಟ್ಟಿತ್ತಂತೆ. ಮೂರು ದಿನ ಇತ್ತಂತೆ. ಹೆಸರಿಡುವ ಮುಂಚೆ ಹೋಯಿತಂತೆ. ನಮ್ಮ ಅಡುಗೆಮನೆಯ ನೆಲದಡಿಯಲ್ಲೇ ಗಡಿಗೆಯಲ್ಲಿಟ್ಟು ಹೂತಿದ್ದಾರಂತೆ, ಅವಳು ಯಾವಾಗಲೂ ಹಿಟ್ಟು ಕಲಸಲು ಕೂರುತ್ತಿದ್ದ ಜಾಗದಲ್ಲಿ. ನಾವು ಅಲ್ಲಿ ಕುಣಿದಾಡಿದರೆ 'ಮೆಲ್ಲಗೆ, ಮೆಲ್ಲಗೆ' ಅನ್ನುತ್ತಿದ್ದಳಲ್ಲ. ಹಿಟ್ಟಿಗೆ ಧೂಳು ಬೀಳುತ್ತದೆ ಎಂದುಕೊಂಡಿದ್ದೆ.

ಆ ಬಟ್ಟೆಯನ್ನು ಹರಿಯಲಿಲ್ಲ. ಮಡಿಸಿ ಅವಳ ಅಂಗೈಯಲ್ಲಿಟ್ಟು, ಅದರ ಮೇಲಿಂದ ನಮ್ಮಿಬ್ಬರನ್ನು ಹೊತ್ತ ಬಟ್ಟೆ ಸುತ್ತಿದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆಯೋ ಗೊತ್ತಿಲ್ಲ. ಇದೊಂದನ್ನು ನಾನೇ ತೀರ್ಮಾನಿಸಿದೆ.

ಮುಖಕ್ಕೆ ಬಂದಾಗ ಹದಿನಾಲ್ಕು ದಿನವಾಗಿತ್ತು. ಹಿಂದಕ್ಕೆ ಸರಿದು ಅತ್ತೆ, ನೀನು ಹೇಳಿದ ಹಾಗೆ.

ಮೊನ್ನೆ ಎಪ್ಪತ್ತನೆಯ ದಿನ. ಎತ್ತುಗಳು ಜಾರುಬಂಡಿಯನ್ನು ಎಳೆದವು, ಮುಂದೆ ಹಾಲು ಚೆಲ್ಲುತ್ತ ಹೋದರು. ಅರ್ಚಕ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಸತ್ತವರ ಬಾಯಿ ತೆರೆಸುವ ಕೊಕ್ಕೆಯನ್ನು ತುಟಿಗೆ ಮುಟ್ಟಿಸಿ, ನೀನು ಮತ್ತೆ ಮಾತಾಡು, ಮತ್ತೆ ಉಣ್ಣು ಅಂದ. ಚಿಕ್ಕಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಅವನು ಅವಳ ಎರಡೂ ಕೈಯನ್ನು ಮೇಲಿಂದ ಕೆಳಗೆ ತಡವಿ, ಒಂದೊಂದೇ ಬೆರಳು ಎಣಿಸಿದ. "ಹತ್ತೂ ಬೇರೆ ಬೇರೆ" ಅಂದ, ಎಲ್ಲರಿಗೂ ಕೇಳುವ ಹಾಗೆ. ಆ ಆಳುಗಳಿಗೂ ಕೇಳಲಿ ಎಂದೇ ಇರಬೇಕು.

ಅಪ್ಪನ ಪೆಟ್ಟಿಗೆಯ ಪಕ್ಕದಲ್ಲಿ ಇಳಿಸಿದೆವು. ಅಪ್ಪನ ಪೆಟ್ಟಿಗೆಯ ಮೇಲಿನ ಕಣ್ಣುಗಳ ಬಣ್ಣ ಇನ್ನೂ ಮಾಸಿಲ್ಲ. ಅವನೇ ಬರೆದುಕೊಂಡಿದ್ದ ಕಣ್ಣು.

ಮನೆಗೆ ಬಾ. ಚಿಕ್ಕಪ್ಪ ನನ್ನನ್ನು ಡೇರೆಗೆ ಬಾ ಎಂದು ಕರೆಯುತ್ತಿದ್ದಾನೆ. ನೇಕಾರರ ಬೀದಿಯಿಂದ ಇಬ್ಬರು ಹೆಂಗಸರು ಆಗಲೇ ಬಂದು, ನಮ್ಮತ್ತೆಯನ್ನು ನೀನೇ ಸುತ್ತಬೇಕೆಂದು ಕೇಳಿ ಹೋದರು. ನನಗೆ ಗೊತ್ತಿರುವುದು ನಿನ್ನ ಒಂದು ಪತ್ರದಷ್ಟು ಮಾತ್ರ. ಉಳಿದದ್ದನ್ನು ಯಾರು ಹೇಳಿಕೊಡುತ್ತಾರೆ?

ನಿನ್ನ ಅಕ್ಕ

*

ಥೀಬ್ಸ್, ಪಡುವಣ ದಡ
ಹದಿನಾಲ್ಕನೆಯ ವರ್ಷ, ಸುಗ್ಗಿಗಾಲದ ಮೊದಲ ತಿಂಗಳು, ಇಪ್ಪತ್ತನೆಯ ದಿನ

ಸೆನ್ಬಿ,

ಎರಡು ತಿಂಗಳಾಯಿತು, ಉತ್ತರವಿಲ್ಲ. ಅಮ್ಮನನ್ನು ಇಳಿಸಿದ ಮೇಲೆ ಇದು ನಾನು ಕಳಿಸುತ್ತಿರುವ ಮೂರನೆಯ ಪತ್ರ. ದಾಗಿ ಈ ಸಲ ಬುಹೆನ್‌ವರೆಗೆ ಹೋಗಿಲ್ಲ, ನಡುದಾರಿಯ ಆನೆದ್ವೀಪದಿಂದಲೇ ತಿರುಗಿ ಬಂದಿದ್ದಾನೆ. ಅಲ್ಲಿ ಸಿಕ್ಕ ಅಂಬಿಗನೊಬ್ಬ, ಕೋಟೆಯಲ್ಲಿ ಜ್ವರ ಬಿದ್ದಿದೆ, ಹತ್ತಾರು ಜನ ಹೋದರು ಅಂದನಂತೆ. ಹೆಸರುಗಳು ಅವನಿಗೆ ಗೊತ್ತಿಲ್ಲ.

ಅಮ್ಮನಿಗೆ ಗೊತ್ತಿತ್ತೆಂದು ನಾನು ಬರೆದದ್ದು ತಪ್ಪಾಯಿತೇನೋ. ಚಿಕ್ಕಪ್ಪ ಅವತ್ತೇ ಬೇಡವೆಂದಿದ್ದ. ಸುಳ್ಳು ಬರೆದೂ ನಿನ್ನನ್ನು ಕಳೆದುಕೊಂಡೆ, ನಿಜ ಬರೆದೂ ಕಳೆದುಕೊಂಡೆ ಅನಿಸುತ್ತದೆ.

ಕಣಿವೆಯ ಹಬ್ಬ ಬರುತ್ತಿದೆ. ಎಲ್ಲರೂ ಗೋರಿಗಳ ಹತ್ತಿರ ಊಟ ಕಟ್ಟಿಕೊಂಡು ಹೋಗುತ್ತಾರೆ. ನಾನೊಬ್ಬಳೇ ಹೋಗಲೇ?

ಒಂದು ಅಕ್ಷರ ಬರಿ. ಮೆಹುವಿನ ಕೈಯಲ್ಲೇ ಬರೆಸು. 'ಪೂಜ್ಯ ಸಹೋದರಿ' ಅಂತಲೇ ಬರೆಸು.

*

(ಮಣ್ಣಿನ ಬಟ್ಟಲೊಂದರ ಒಳಮೈಯಲ್ಲಿ, ಅಂಚಿನಿಂದ ತಳದ ಕಡೆಗೆ ಸುತ್ತಿಕೊಂಡು ಬರೆದದ್ದು)

ಹದಿನಾಲ್ಕನೆಯ ವರ್ಷ, ಸುಗ್ಗಿಗಾಲದ ಎರಡನೆಯ ತಿಂಗಳು, ಕಣಿವೆಯ ಹಬ್ಬದ ದಿನ

ಅಮ್ಮಾ,

ನಾನು ಸೆನ್ಬಿ. ಮೊನ್ನೆ ಮನೆಗೆ ಬಂದೆ. ಸತ್ತವರಿಗೆ ಹೀಗೆ ಬಟ್ಟಲಲ್ಲಿ ಬರೆದು, ಅದರ ಮೇಲೆ ರೊಟ್ಟಿ ಇಟ್ಟರೆ, ಉಣ್ಣುವಾಗ ಓದುತ್ತಾರೆ ಎಂದು ನೀನೇ ಹೇಳಿದ್ದೆ. ಅಕ್ಕ ಸುಟ್ಟ ರೊಟ್ಟಿ, ಈರುಳ್ಳಿ, ಹುರಿದ ಬಾತುಕೋಳಿ ಇಟ್ಟಿದ್ದೇವೆ. ಅವಳು ಈಗ ನಿನ್ನ ಗೋಡೆಯ ಆಚೆ ಪಕ್ಕದ ಮನೆಯವರ ಜೊತೆ ಮಾತಾಡುತ್ತ ಕೂತಿದ್ದಾಳೆ. ಮೊನ್ನೆ ನನ್ನನ್ನು ಬಾಗಿಲಲ್ಲಿ ಕಂಡಾಗ ಕೈಯಲ್ಲಿದ್ದ ಮೊರ ಎಸೆದು ಹೊಡೆದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಕೂತಳು, ಬಿಡಲೇ ಇಲ್ಲ. ಊಟದ ಹೊತ್ತಿಗೂ ಒಂದು ಕೈಯಲ್ಲಿ ನನ್ನೆರಡೂ ಕೈ ಹಿಡಿದೇ ತಿನ್ನಿಸಿದಳು.

ನಿನಗೆ ಗೊತ್ತಿತ್ತೆಂದು ಅವಳು ಬರೆದ ಪತ್ರ ಓದಿ, ಕೋಟೆಯ ಗೋಡೆಯ ಮೇಲೆ ಹತ್ತಿ ಕೂತು ಹೊಳೆ ನೋಡುತ್ತಿದ್ದೆ. ಒಂದು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ನೀನು ಅದೆಷ್ಟು ಸಲೀಸಾಗಿ ಎತ್ತಿ ಆಚೆ ಇಟ್ಟಿದ್ದೆ ಅಮ್ಮ. ಅವತ್ತೇ ಉತ್ತರ ಬರೆಯಬೇಕೆಂದಿದ್ದೆ. ಆದರೆ ಮೂರನೆಯ ದಿನ ಮೆಹು ಜ್ವರದಲ್ಲಿ ತೀರಿಕೊಂಡ.

ಮೆಹು ಅಂದರೆ ನನ್ನ ಪತ್ರಗಳನ್ನು ಬರೆದುಕೊಡುತ್ತಿದ್ದವನು. ಹೊಳೆಯಲ್ಲಿ ನಮ್ಮೂರಿಗಿಂತಲೂ ಕೆಳಗಿರುವ ಅಬಿದೋಸ್ ಪಕ್ಕದ ಊರಿನವನು. ಮನೆಯಲ್ಲಿ ಯಾರೂ ಉಳಿದಿಲ್ಲ. ಕಡೆಯ ದಿನ ನನ್ನ ತೋಳು ಹಿಡಿದು, "ಈ ಮರಳಲ್ಲಿ ನನ್ನ ಬಿಟ್ಟು ಹೋಗ್ಬೇಡ ಮಾರಾಯ. ನಮ್ಮೂರ ಮಣ್ಣಿಗೆ ಸೇರಿಸು" ಅಂದ. ಸಿಪಾಯಿಗಳು ಸುತ್ತಿಕೊಡುತ್ತೇವೆ ಅಂದರು. ಕೈ ಹೋದಾಗಿನಿಂದ ನಾನೂ ಹಾಗೇ ಪಕ್ಕದಲ್ಲಿ ನಿಂತು ಹೇಳಿ ಮಾಡಿಸುತ್ತಿದ್ದೆ. ಈ ಸಲ ಬೇಡ ಅಂದೆ. ಅಕ್ಕ ಸುತ್ತಿದಳೆಂದು ಓದಿದ ಮೇಲೆ ನನಗೂ ಆಗಬಹುದು ಅನಿಸಿತು. ಪಟ್ಟಿಯ ತುದಿ ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಸುತ್ತಿ, ಉಳಿದಿರುವ ಹೆಬ್ಬೆರಳಲ್ಲಿ ಅದುಮಿ ಹಿಡಿದೆ. ಹದಿನೈದು ದಿನದ ಕೆಲಸ ಇಪ್ಪತ್ತಾರು ದಿನ ಹಿಡಿಯಿತು.

ಅಧಿಕಾರಿ ಅದನ್ನು ನೋಡುತ್ತ ನಿಂತಿದ್ದವನು, ಏನನ್ನಿಸಿತೋ, ಮೆಹುವನ್ನು ಊರಿಗೆ ಮುಟ್ಟಿಸಿ ನೀನೂ ಮನೆಗೆ ಹೋಗು ಅಂದ. ದೋಣಿ ನಮ್ಮ ಕಟ್ಟೆಯ ಮುಂದೆಯೇ ಹಾದುಹೋಯಿತು. ಬೆಳಗಿನ ಹೊತ್ತು. ನಮ್ಮ ಓಣಿಯಲ್ಲಿ ರೊಟ್ಟಿಯ ಹೊಗೆ ಏಳುತ್ತಿತ್ತು. ಅಕ್ಕನನ್ನು ಕೂಗಿದ್ದರೆ ಕೇಳುತ್ತಿತ್ತೇನೋ. ಇಳಿಯಲಿಲ್ಲ. ಅವನ ಎಪ್ಪತ್ತನೆಯ ದಿನ ಹತ್ತಿರ ಬಂದಿತ್ತು. ಅವನ ಊರಿನಲ್ಲಿ ಗುಂಡಿ ತೋಡಿಸಿ, ಅರ್ಚಕನನ್ನು ಕರೆಸಿ, ಬಾಯಿ ತೆರೆಸಿ, ಇಳಿಸಿ ಬಂದೆ. ಮಗನ ಜಾಗದಲ್ಲಿ ನಿಂತವನು ನಾನೇ.

ನಾಳೆಯಿಂದ ಅಕ್ಕನ ಜೊತೆ ಡೇರೆಗೆ ಹೋಗುತ್ತೇನೆ. ಚಿಕ್ಕಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಒಬ್ಬಳಿಗೆ ಕೈ ಐತೆ, ಒಬ್ಬನಿಗೆ ಬಾಯಿ ಐತೆ, ನಂಗೆ ಕಣ್ಣೂ ಹೋಯ್ತು, ಕೈಯೂ ಹೋಯ್ತು, ಇನ್ನು ನೀವೇ ನೋಡ್ಕೊಳ್ಳಿ" ಎಂದು ನಕ್ಕ.

ಅಮ್ಮಾ, ನಿನ್ನಲ್ಲಿ ಒಂದು ಕೇಳುವುದಿದೆ. ಮೆಹು ಈಗ ಆ ಕಡೆಗೆ ಬಂದಿರುತ್ತಾನೆ. ತೆಳ್ಳಗೆ, ಉದ್ದಕ್ಕೆ, ಮಾತಾಡುವಾಗ ತಲೆ ಒಂದು ಕಡೆ ವಾಲಿಸುವವನು. ಹೊಸಬ, ನಾಚಿಕೆಯವನು, ಯಾರನ್ನೂ ಏನೂ ಕೇಳುವುದಿಲ್ಲ. ಕೂರಿಸಿ ಊಟಕ್ಕೆ ಹಾಕು. ಅವನ ಎಡಭುಜದ ಹತ್ತಿರ ನನ್ನ ಕೈ ಎಟುಕಲಿಲ್ಲ. ಅ‌ಲ್ಲಿ ಪಟ್ಟಿ ಸಡಿಲವಾಗಿಯೇ ಉಳಿದಿದೆ. ಕಂಡರೆ, ಆ ತುದಿಯನ್ನು ಸ್ವಲ್ಪ ಒಳಕ್ಕೆ ಸಿಕ್ಕಿಸಿಬಿಡು.